ಸೋಫಿ ಕ್ಯೂರಿಸ್ ಓಡಿದ 1946

ಹೈಸ್ಕೂಲ್ ಹುಡುಗಿಯರಿಗೆ ಖೋಖೋ ಆಡಿಸುವ ನನಗೆ ತರಚಿದ ಮಂಡಿ ಕಂಡಾಗಲೆಲ್ಲ ಸೋಫಿ ಕ್ಯೂರಿಸ್ ನೆನಪಾಗುತ್ತಾಳೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇಸ್‌ಬಾಲ್ ಆಟಗಾರರು ಸೈನ್ಯ ಸೇರತೊಡಗಿದಾಗ, ಚೂಯಿಂಗ್ ಗಮ್ ಉದ್ಯಮಿ ಫಿಲಿಪ್ ರಿಗ್ಲಿ 1943ರಲ್ಲಿ ಅಮೆರಿಕದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಕಟ್ಟಿದ. ಸಮವಸ್ತ್ರ ಮೋಟು ಸ್ಕರ್ಟು! ಚೆಂದ ಕಾಣಬೇಕೆಂಬ ಆ ಹಟಕ್ಕೆ ಬೆಲೆ ತೆತ್ತದ್ದು ಹುಡುಗಿಯರ ತೊಡೆಯ ಚರ್ಮ. ನೆಲಕ್ಕೆ ಜಾರಿ ಬೇಸ್ (ಓಡಿ ಮುಟ್ಟಬೇಕಾದ ಗುರುತು) ಮುಟ್ಟಿದಾಗಲೆಲ್ಲ ಗಾಯ.

1946ರಲ್ಲಿ ಈ ಲೀಗ್‌ನ ರೆಸೀನ್ ಬೆಲ್ಸ್ ತಂಡದ ಸೋಫಿ ಕದ್ದ ಬೇಸ್‌ಗಳು 201. ಎದುರಾಳಿ ಚೆಂಡೆಸೆಯುವ ಹೊತ್ತಿಗೇ ಮುಂದಿನ ಬೇಸ್‌ಗೆ ನುಗ್ಗಿ ಸೇರಿಕೊಳ್ಳುವುದೇ ಈ ಕಳವು. ಯತ್ನಿಸಿದ್ದು 203 ಸಲ, ಸಿಕ್ಕಿಬಿದ್ದದ್ದು ಎರಡೇ ಸಲ. ಪುರುಷರ ಮೇಜರ್ ಲೀಗ್‌ನಲ್ಲಿ 1982ರಲ್ಲಿ ರಿಕಿ ಹೆಂಡರ್ಸನ್ ಕದ್ದದ್ದು 130. ಮಹಿಳೆಯರ ಬೇಸ್‌ಗಳ ಅಂತರ ಕಡಿಮೆಯಿತ್ತು, ನಿಜ. ಆದರೆ ಸ್ಕರ್ಟಿನಲ್ಲಿ ಜಾರಿದವನಲ್ಲ ಆತ.

ಆ ವರ್ಷದ ಫೈನಲ್ ಸರಣಿಯ ಆರನೇ ಪಂದ್ಯ, ರಾಕ್‌ಫರ್ಡ್ ಪೀಚಸ್ ಎದುರು, 14 ಇನಿಂಗ್ಸ್‌ವರೆಗೆ ಎಳೆಯಿತು. ರೆಸೀನ್‌ನ ಜೋಆನ್ ವಿಂಟರ್ ಅಷ್ಟೂ ಇನಿಂಗ್ಸ್ ಚೆಂಡೆಸೆದಳು. ಕೊನೆಗೆ ಸಹ ಆಟಗಾರ್ತಿ ಬೆಟಿ ಟ್ರೆಜಾ ಹೊಡೆತಕ್ಕೆ ಓಡಿ ಬಂದು ಪಂದ್ಯದ ಏಕೈಕ ರನ್ ಗಳಿಸಿದವಳು ಸೋಫಿಯೇ. ರೆಸೀನ್ ಚಾಂಪಿಯನ್.

ಲೀಗ್ 1954ರಲ್ಲಿ ಮುಚ್ಚಿತು. ಆಟ ಕಲಿಸುವ ಗೆಳೆಯ ಗೆಳತಿಯರೇ, ನಿಮ್ಮ ಹುಡುಗಿಯರಿಗೆ ಈಕೆಯ ಹೆಸರನ್ನೂ ಹೇಳಿಕೊಡಿ.