ಬಸಂತ್ (ಕೃಷಿ ವಿಮಾನ)

ಬಸಂತ್ ಎಂಬುದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ (ಎಚ್‌ಎಎಲ್) ಬೆಂಗಳೂರಿನಲ್ಲಿ ವಿನ್ಯಾಸಗೊಳಿಸಿದ, ಬೆಳೆಗೆ ಔಷಧಿ ಹೊಡೆಯುವ ಒಂಟಿ ಆಸನದ ವಿಮಾನ. ಇದರ ಅಧಿಕೃತ ಹೆಸರು ಎಚ್‌ಎ-31. ವಿನ್ಯಾಸದ ಕೆಲಸ 1968ರಲ್ಲಿ ಆರಂಭವಾಯಿತು. 250 ಅಶ್ವಶಕ್ತಿಯ ಎಂಜಿನ್ ಹೊತ್ತ ಮೊದಲ ಮಾದರಿ ತೃಪ್ತಿಕರವಾಗಿರಲಿಲ್ಲ. ಹಾಗಾಗಿ ವಿನ್ಯಾಸವನ್ನೇ ಬದಲಿಸಿ, 400 ಅಶ್ವಶಕ್ತಿಯ ಎಂಟು ಸಿಲಿಂಡರಿನ ಲೈಕಮಿಂಗ್ ಎಂಜಿನ್ ಕೂರಿಸಿದ ಎರಡನೆಯ ಮಾದರಿಯನ್ನು ರೂಪಿಸಲಾಯಿತು. ಅದು 1972ರ ಮಾರ್ಚ್ 30ರಂದು ಹಾರಿತು. ಒಟ್ಟು 39 ವಿಮಾನಗಳು ತಯಾರಾಗಿ, 1980ರಲ್ಲಿ ಉತ್ಪಾದನೆ ನಿಂತಿತು.

ಕೃಷಿ ವಿಮಾನದ ತಯಾರಿಕೆಯಲ್ಲಿ ವೇಗಕ್ಕಿಂತ ಪೈಲಟ್‌ನ ಸುರಕ್ಷತೆಗೆ ಹೆಚ್ಚು ಬೆಲೆ. ಬೆಳೆಯ ತುದಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲೇ ಹಾರಬೇಕಾದ್ದರಿಂದ ಸಣ್ಣ ತಪ್ಪನ್ನೂ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಇಂಥ ವಿಮಾನಗಳ ಚೌಕಟ್ಟನ್ನು ಸಾಮಾನ್ಯವಾಗಿ ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟುತ್ತಾರೆ. ಔಷಧಿ ತಾಗಿ ಲೋಹ ತುಕ್ಕು ಹಿಡಿಯುವುದರಿಂದ ಪಕ್ಕದ ತಗಡುಗಳನ್ನು ಬಿಚ್ಚಿ ತೊಳೆಯುವಂತಿರಬೇಕು. ಔಷಧಿಯ ತೊಟ್ಟಿ ಎಂಜಿನ್ನಿಗೂ ಪೈಲಟ್‌ಗೂ ನಡುವೆ ಇರುತ್ತದೆ. ಏಕೆಂದರೆ ವಿಮಾನ ನೆಲಕ್ಕೆ ಬಡಿದರೆ ಆ ಭಾರ ಹಿಂದಿನಿಂದ ಬಂದು ಪೈಲಟ್‌ನನ್ನು ಜಜ್ಜಬಾರದು. ಎದುರಿನ ಮರ, ವಿದ್ಯುತ್ ತಂತಿ ಕಾಣಲೆಂದು ಆಸನ ಎತ್ತರದಲ್ಲಿರುತ್ತದೆ. ಹೊಟ್ಟೆಯ ಕೆಳಗೆ ಪುಟ್ಟದೊಂದು ಫ್ಯಾನ್ ಗಾಳಿಗೆ ತಿರುಗಿ ಪಂಪನ್ನು ನಡೆಸುತ್ತದೆ. ರೆಕ್ಕೆಯುದ್ದದ ಕೊಳವೆಯ ನಳಿಕೆಗಳಿಂದ ಔಷಧಿ ಸಣ್ಣ ಹನಿಯಾಗಿ ಉದುರುತ್ತದೆ. ಅಪಾಯ ಎದುರಾದರೆ ಒಂದು ಸನ್ನೆ ಎಳೆದು ತೊಟ್ಟಿಯಲ್ಲಿದ್ದುದನ್ನೆಲ್ಲ ಕ್ಷಣಗಳಲ್ಲಿ ಸುರಿದುಬಿಡಬಹುದು.

ಬಸಂತ್ ಹಾರಿದ 1972ರಲ್ಲೇ ಧಾರವಾಡದ ಡಾ. ಬಿ.ಎಚ್. ಕಟರಕಿ ಅವರ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಿಡುಗಡೆಯಾಯಿತು. ಹೈಬ್ರಿಡ್ ಹತ್ತಿಯ ಜೊತೆಗೆ ಕೀಟದ ಕಾಟವೂ ಹೆಚ್ಚಿ, ಔಷಧಿ ಹೊಡೆಯುವುದು ರೈತನ ದೊಡ್ಡ ಖರ್ಚಾಯಿತು. ಆದರೆ ಆಗ ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೊಲಗಳು ವಿಮಾನಕ್ಕೆ ಒಗ್ಗುವಂಥವಲ್ಲ. ಹಿಡುವಳಿ ಚಿಕ್ಕದು. ಹಾನಗಲ್ಲಿನ ಭತ್ತದ ಗದ್ದೆಗೆ ತಾಗಿಯೇ ಮಾವಿನ ತೋಪು, ಹತ್ತಿಯ ಪಕ್ಕದಲ್ಲಿ ಗೋವಿನಜೋಳ. ಸವಣೂರಿನಲ್ಲಿ ಹಸಿಯಾಗಿಯೇ ಬಾಯಿಗೆ ಹೋಗುವ ವೀಳ್ಯದೆಲೆಯ ತೋಟಗಳಿವೆ. ಒಬ್ಬರ ಹತ್ತಿಗೆ ಹೊಡೆದ ಔಷಧಿ ಗಾಳಿಗೆ ತೇಲಿ ಇನ್ನೊಬ್ಬರ ಎಲೆಬಳ್ಳಿಗೆ ಕೂತರೆ ಅದು ಲಾಭವಲ್ಲ, ಕೇಡು.

ಆ ಕೇಡಿನ ಅಳತೆ ಕೇರಳದ ಕಾಸರಗೋಡಿನಲ್ಲಿ ಸಿಕ್ಕಿತು. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆ, ಪಡ್ರೆಯಂಥ ಕನ್ನಡ ಬಲ್ಲ ಊರುಗಳ ಜನ ಕಾಯಿಲೆಗಳಿಂದ ನರಳಿದರು. 2000ದಲ್ಲಿ ಆ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. ವಿಮಾನ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಅದು ಯಾವ ವಿಷ ಹೊರುತ್ತದೆ, ಕೆಳಗೆ ಯಾರಿದ್ದಾರೆ ಎಂಬುದನ್ನು ಮೊದಲು ನೋಡಬೇಕಿತ್ತು.

ಚಿಕ್ಕ ಹೊಲಗಳಿಗೆ ಈಗ ಡ್ರೋನ್ ಬಂದಿದೆ. 10 ಲೀಟರ್ ತೊಟ್ಟಿಯ ಡ್ರೋನ್ ಸುಮಾರು ಒಂದು ಎಕರೆಗೆ 10 ನಿಮಿಷದೊಳಗೆ ಔಷಧಿ ಹೊಡೆಯುತ್ತದೆ, ರನ್‌ವೇ ಬೇಕಿಲ್ಲ. ಗಾಳಿ ಜೋರಾಗಿದ್ದಾಗ ಹಾರಿಸಬಾರದೆಂಬ ನಿಯಮ ಬಸಂತ್‌ಗೆ ಇದ್ದಂತೆ ಇದಕ್ಕೂ ಇದೆ.