ಪರದೆ ಕಳಚಿದಾಗ ಧ್ವನಿ ಎಲ್ಲಿಗೆ ಹೋಗಬೇಕು?

ಲ್ಯಾಪ್‌ಟಾಪಿಗೆ ಟಿ.ವಿ. ಜೋಡಿಸಿ ಸಿನಿಮಾ ನೋಡುತ್ತಿದ್ದಾಗ ಯಾರದೋ ಕಾಲು ತಾಗಿ ಕೇಬಲ್ ಕಳಚಿತೆನ್ನಿ. ಚಿತ್ರ ಲ್ಯಾಪ್‌ಟಾಪಿನ ಪರದೆಗೆ ಮರಳುತ್ತದೆ. ಧ್ವನಿಯ ಗತಿ ಮಾತ್ರ ಅಷ್ಟು ಖಚಿತವಲ್ಲ. ಅದು ಲ್ಯಾಪ್‌ಟಾಪಿನ ಸ್ಪೀಕರಿಗೆ ಬರಬಹುದು, ಸದ್ದಿಲ್ಲದೆ ಕಳೆದುಹೋಗಬಹುದು, ಇಲ್ಲವೇ ಸಿನಿಮಾವೇ ನಿಂತುಬಿಡಬಹುದು. ಇದನ್ನು ತೀರ್ಮಾನಿಸುವುದು ಧ್ವನಿಯ ಹಾರ್ಡ್‌ವೇರನ್ನು ನಡೆಸುವ ಸೌಂಡ್ ಡ್ರೈವರ್ ಮತ್ತು ಅದರ ಮೇಲೆ ಕೆಲಸ ಮಾಡುವ ತಂತ್ರಾಂಶ. ಎರಡು ದಶಕಗಳಲ್ಲಿ ಈ ತೀರ್ಮಾನದ ಹೊಣೆ ಕೈಯಿಂದ ಕೈಗೆ ದಾಟಿದ ಬಗೆಯನ್ನು, ಮುಖ್ಯವಾಗಿ ಲಿನಕ್ಸ್‌ನ ಆಧಾರದಲ್ಲಿ, ಇಲ್ಲಿ ನೋಡೋಣ.

ಚಿತ್ರದ ಬೆನ್ನೇರಿದ ಧ್ವನಿ

1990ರ ದಶಕದ ಸೌಂಡ್ ಕಾರ್ಡುಗಳಿಗೆ ಈ ಸಮಸ್ಯೆಯೇ ಇರಲಿಲ್ಲ. ಸ್ಪೀಕರ್ ಜೋಡಿಸಿದ್ದರೂ ಇಲ್ಲದಿದ್ದರೂ ಕಾರ್ಡು ತನ್ನದೇ ಗಡಿಯಾರದ ತಾಳಕ್ಕೆ ಸಂಕೇತ ಹೊರಡಿಸುತ್ತಿತ್ತು. 2002ರ ಡಿಸೆಂಬರಿನಲ್ಲಿ ಬಂದ, ಚಿತ್ರ ಮತ್ತು ಧ್ವನಿಯನ್ನು ಒಂದೇ ಕೇಬಲಿನಲ್ಲಿ ಸಾಗಿಸುವ ಎಚ್‌ಡಿಎಂಐ ಇದನ್ನು ಬದಲಿಸಿತು. ಅಲ್ಲಿ ಧ್ವನಿಗೆ ಬೇರೆ ತಂತಿಯಿಲ್ಲ. ಚಿತ್ರದ ಸಾಲು ಸಾಲುಗಳ ನಡುವಿನ ಬಿಡುವಿನಲ್ಲಿ ಧ್ವನಿಯ ಪೊಟ್ಟಣಗಳು ಸಾಗುತ್ತವೆ. ಟಿ.ವಿ.ಯು ಧ್ವನಿಯ ವೇಗವನ್ನು ಚಿತ್ರದ ಗಡಿಯಾರದಿಂದಲೇ ಲೆಕ್ಕ ಹಾಕಿಕೊಳ್ಳುತ್ತದೆ. ಹಾಗಾಗಿ ಚಿತ್ರ ನಿಂತರೆ ಧ್ವನಿಗೂ ದಾರಿಯಿಲ್ಲ.

ಪರದೆ ಇದೆಯೇ ಎಂದು ತಿಳಿಯಲು ಎರಡು ಸುಳಿವುಗಳಿವೆ. ಎಚ್‌ಡಿಎಂಐ ಕನೆಕ್ಟರಿನ 19ನೇ ಪಿನ್ ಜೋಡಣೆಯನ್ನು ಸೂಚಿಸುತ್ತದೆ. ಪರದೆ ತನ್ನ ಗುಣಲಕ್ಷಣಗಳನ್ನು ಹೇಳಿಕೊಳ್ಳುವ ಇಡಿಐಡಿ ಎಂಬ ದಾಖಲೆ, ಅದು ಎಷ್ಟು ಚಾನೆಲ್, ಯಾವ ಬಗೆಯ ಧ್ವನಿ ಸ್ವೀಕರಿಸಬಲ್ಲದು ಎಂಬುದನ್ನೂ ತಿಳಿಸುತ್ತದೆ. ಆದರೆ ಈ ಸುಳಿವುಗಳು ಮೊದಲು ಸಿಗುವುದು ಗ್ರಾಫಿಕ್ಸ್ ಡ್ರೈವರಿಗೆ. ಧ್ವನಿ ಕಳಿಸಬೇಕಾದದ್ದು ಸೌಂಡ್ ಡ್ರೈವರ್. ತೊಡಕು ಹುಟ್ಟಿದ್ದು ಇಲ್ಲಿ.

2004ರಲ್ಲಿ ಇಂಟೆಲ್ ತಂದ ಎಚ್‌ಡಿ ಆಡಿಯೊ ಮಾನದಂಡದ ಸುತ್ತ ಇದಕ್ಕೊಂದು ಸೇತುವೆ ಬೆಳೆಯಿತು. ಗ್ರಾಫಿಕ್ಸ್ ಡ್ರೈವರ್ ಇಡಿಐಡಿಯ ಧ್ವನಿಭಾಗವನ್ನು ಇಎಲ್‌ಡಿ ಎಂಬ ಕಿರುದಾಖಲೆಯಾಗಿ ಹಾರ್ಡ್‌ವೇರಿನಲ್ಲಿ ಬರೆಯುತ್ತದೆ, ಸೌಂಡ್ ಡ್ರೈವರ್ ಅದನ್ನು ಓದಿಕೊಳ್ಳುತ್ತದೆ. ಬರೆಯುವುದು ತಡವಾದರೆ ಓದುವವರಿಗೆ ಖಾಲಿ ಹಾಳೆ ಸಿಗುತ್ತದೆ. ಅದಕ್ಕಾಗಿಯೇ ಲಿನಕ್ಸ್ ಡ್ರೈವರ್ ಸುಮಾರು 300 ಮಿಲಿಸೆಕೆಂಡಿಗೊಮ್ಮೆ ಕೆಲವು ಬಾರಿ ಮತ್ತೆ ಕೇಳಿ ನೋಡುವ ಕ್ರಮ ಬಂತು.

ನಿರಾಕರಿಸುವುದೋ, ನುಂಗುವುದೋ

ಪರದೆಯೇ ಇಲ್ಲದಾಗ ಯಾವುದೋ ಪ್ರೋಗ್ರಾಂ ಎಚ್‌ಡಿಎಂಐ ಸಾಧನವನ್ನು ತೆರೆಯಲು ಬಂದರೆ ಏನು ಮಾಡಬೇಕು? ಡ್ರೈವರ್ ಬರೆಯುವವರು ಕೊಟ್ಟ ಉತ್ತರಗಳು ಮುಖ್ಯವಾಗಿ ಮೂರು.

ಮೊದಲನೆಯದು ನಿರಾಕರಣೆ: ‘ಸಾಧನವಿಲ್ಲ’ ಎಂಬ ದೋಷಸಂಕೇತವನ್ನು ಹಿಂತಿರುಗಿಸುವುದು. ಧ್ವನಿಯಿಲ್ಲದ ಡಿವಿಐ ಮೋಡಿನಲ್ಲಿರುವಾಗ ರಾಸ್ಪ್‌ಬೆರಿ ಪೈ ಎಂಬ ಕಿರುಕಂಪ್ಯೂಟರಿನ ಡ್ರೈವರ್ ಮಾಡುತ್ತಿದ್ದುದು ಇದನ್ನೇ. ಇದು ಪ್ರಾಮಾಣಿಕ ಉತ್ತರ. ಆದರೆ ಪ್ರೋಗ್ರಾಂಗಳ ಧ್ವನಿಯನ್ನು ಸಾಧನಗಳಿಗೆ ಹಂಚುವ, ಪಲ್ಸ್‌ಆಡಿಯೊದಂಥ ಸೌಂಡ್ ಸರ್ವರ್ ಶುರುವಾಗುವಾಗಲೇ ಎಲ್ಲ ಸಾಧನಗಳನ್ನೂ ಒಮ್ಮೆ ತೆರೆದು ಪರೀಕ್ಷಿಸುತ್ತದೆ. ಆಗ ಟಿ.ವಿ. ಜೋಡಿಸಿರದಿದ್ದರೆ ಆ ಸಾಧನ ಪಟ್ಟಿಗೇ ಸೇರುವುದಿಲ್ಲ. ಆಮೇಲೆ ಟಿ.ವಿ. ಜೋಡಿಸಿದರೂ ಧ್ವನಿ ಬಾರದು.

ಎರಡನೆಯದು ಏನೂ ಮಾಡದಿರುವುದು. ಕೆಲವು ಚಿಪ್‌ಗಳಲ್ಲಿ ಪರದೆ ಹೋದೊಡನೆ ಗಡಿಯಾರ ನಿಲ್ಲುತ್ತದೆ, ದತ್ತಾಂಶ ಮುಂದೆ ಸಾಗುವುದಿಲ್ಲ, ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ. ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಅಲ್ಸಾದಲ್ಲಿ ಈ ಕಾಯುವಿಕೆಯ ಮಿತಿ ಬಹುಕಾಲ 10 ಸೆಕೆಂಡ್ ಇತ್ತು. ಅಷ್ಟು ಹೊತ್ತು ಸಿನಿಮಾ ಸ್ತಬ್ಧ.

ಮೂರನೆಯದು ನುಂಗುವುದು: ಸಾಧನ ತೆರೆಯಲು ಬಿಟ್ಟು, ಬಂದ ಧ್ವನಿಯನ್ನು ಸರಿಯಾದ ವೇಗದಲ್ಲೇ ಸ್ವೀಕರಿಸಿ ಬಿಟ್ಟುಬಿಡುವುದು. ಡಿಸ್‌ಪ್ಲೇಪೋರ್ಟ್ 1.2 ಒಂದೇ ಕೇಬಲಿನಲ್ಲಿ ಹಲವು ಪರದೆಗಳನ್ನು ಸಾಧ್ಯವಾಗಿಸಿದ ಮೇಲೆ, ಯಾವ ಪರದೆ ಯಾವ ಧ್ವನಿಸಾಧನಕ್ಕೆ ಎಂಬುದು ಮೊದಲೇ ಗೊತ್ತಿರದ ಕಾರಣ, ಇದು ಅನಿವಾರ್ಯವೂ ಆಯಿತು. 2016ರ ಸುಮಾರಿಗೆ ಲಿನಕ್ಸ್‌ನ ಎಚ್‌ಡಿಎಂಐ ಡ್ರೈವರ್, ಪರದೆ ಬಂದಾಗ ಮಾತ್ರ ಧ್ವನಿಸಾಧನವನ್ನು ಅದಕ್ಕೆ ಗಂಟು ಹಾಕುವ ಪದ್ಧತಿಗೆ ಬದಲಾಯಿತು. ಪರದೆಯಿಲ್ಲದ ಸಾಧನವನ್ನೂ ತೆರೆಯಬಹುದು ಎಂಬುದು ಆ ಬದಲಾವಣೆಯ ಭಾಗವಾಗಿತ್ತು.

ಸುದ್ದಿ ತಲುಪಿಸುವ ಹೊಣೆ

ನುಂಗುವುದರಿಂದ ವ್ಯವಸ್ಥೆ ಕುಸಿಯುವುದು ತಪ್ಪಿತು. ಕೇಳುಗನಿಗೆ ಮಾತ್ರ ಮೌನವೇ ಉಳಿಯಿತು. ನಿಜವಾದ ಪರಿಹಾರ ಬಂದದ್ದು ಸುದ್ದಿ ಮುಟ್ಟಿಸುವುದರಿಂದ. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾ ಪ್ರತಿ ಧ್ವನಿದ್ವಾರಕ್ಕೂ ನಾಲ್ಕು ಸ್ಥಿತಿಗಳನ್ನು ಗುರುತಿಸಿತು. ‘ಸಾಧನವೇ ಇಲ್ಲ’ ಮತ್ತು ‘ಕೇಬಲ್ ಕಳಚಿದೆ’ ಎಂಬವು ಅಲ್ಲಿ ಬೇರೆ ಬೇರೆ. ಲಿನಕ್ಸ್‌ನಲ್ಲಿ 2012ರ ಹೊತ್ತಿಗೆ ಪ್ರತಿ ಎಚ್‌ಡಿಎಂಐ ದ್ವಾರಕ್ಕೂ ಜೋಡಣೆ ಇದೆಯೇ ಎಂದು ಹೇಳುವ ಜ್ಯಾಕ್ ಸೂಚಕ ಬಂತು. ಅದೇ ವರ್ಷ ಪಲ್ಸ್‌ಆಡಿಯೊ 2.0 ಅದನ್ನು ಓದತೊಡಗಿತು. ಸಾಧನ ಪಟ್ಟಿಯಲ್ಲೇ ಇರುತ್ತದೆ, ಆದರೆ ಈಗ ಲಭ್ಯವಿಲ್ಲ ಎಂದು ತಿಳಿಯುತ್ತದೆ, ಧ್ವನಿ ಸ್ಪೀಕರಿನತ್ತ ಹೊರಳುತ್ತದೆ.

2013ರ ಇಂಟೆಲ್ ಹ್ಯಾಸ್‌ವೆಲ್ ಚಿಪ್‌ಗಳು ಹೊಸ ಸಂಕಟ ತಂದವು. ಅಲ್ಲಿ ಎಚ್‌ಡಿಎಂಐ ಧ್ವನಿಭಾಗಕ್ಕೆ ವಿದ್ಯುತ್ ಕೊಡುವುದು ಗ್ರಾಫಿಕ್ಸ್ ಭಾಗ. ಅದು ಆರಿದರೆ ಸೌಂಡ್ ಡ್ರೈವರಿಗೆ ಏನೂ ಕಾಣದು. ಧ್ವನಿ ನಿಯಂತ್ರಕ ನಿದ್ರೆಯಲ್ಲಿದ್ದಾಗ ಹಾರ್ಡ್‌ವೇರಿನ ಸೂಚನೆ ತಪ್ಪಿಹೋಗುವುದೂ ಇತ್ತು. ಹೀಗಾಗಿ 2015–16ರಲ್ಲಿ ಎರಡೂ ಡ್ರೈವರ್‌ಗಳು ಹಾರ್ಡ್‌ವೇರನ್ನು ನಡುವೆ ತಾರದೆ, ಲಿನಕ್ಸ್‌ನ ತಿರುಳಾದ ಕರ್ನಲ್ಲಿನೊಳಗೇ ನೇರವಾಗಿ ಮಾತಾಡಿಕೊಳ್ಳುವ ಏರ್ಪಾಡು ಬಂತು. ಮುಂದೆ ಅದು ಎಎಂಡಿ, ಎನ್ವಿಡಿಯಾ ಚಿಪ್‌ಗಳಿಗೂ ವಿಸ್ತರಿಸಿತು. 2021ರಲ್ಲಿ ಲಿನಕ್ಸ್ ವಿತರಣೆಯಾದ ಫೆಡೋರಾ 34 ಪೂರ್ವನಿಯೋಜಿತವಾಗಿ ಅಳವಡಿಸಿಕೊಂಡ ಸೌಂಡ್ ಸರ್ವರ್ ಪೈಪ್‌ವೈರ್ ಕೂಡ ಇದೇ ಸೂಚನೆಗಳನ್ನು ಆಧರಿಸಿದೆ.

ಈ ಬೆಳವಣಿಗೆಯನ್ನೆಲ್ಲ ನೋಡಿದರೆ ಹೊಣೆ ಹಂಚಿಕೆಯ ಒಂದು ಪಾಠ ಸ್ಪಷ್ಟವಾಗುತ್ತದೆ. ಡ್ರೈವರಿನ ಕರ್ತವ್ಯ ಸ್ಥಿರವಾಗಿ ನಿಲ್ಲುವುದು ಮತ್ತು ಸತ್ಯ ಹೇಳುವುದು. ಧ್ವನಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಮೇಲಿನ ಸರ್ವರ್ ಮತ್ತು ಬಳಕೆದಾರರ ಹಕ್ಕು. ಈ ಎರಡನ್ನು ಬೆರೆಸಿದಾಗಲೆಲ್ಲ ತೊಂದರೆಯಾಗಿದೆ.

ಇದು ಸಿನಿಮಾ ನೋಡುವವರ ಅನುಕೂಲದ ಮಾತಷ್ಟೇ ಅಲ್ಲ. ಪಠ್ಯವನ್ನು ಓದಿ ಹೇಳುವ ಈಸ್ಪೀಕ್ ತಂತ್ರಾಂಶದ ಕನ್ನಡ ಧ್ವನಿಯ ನೆರವಿನಿಂದ ಕಂಪ್ಯೂಟರ್ ಬಳಸುವ ಅಂಧ ಓದುಗರಿಗೆ ಧ್ವನಿಯೇ ಪರದೆ. ಕಳಚಿದ ಟಿ.ವಿ.ಯ ಕಡೆಗೆ ಅದು ಹರಿದುಹೋದರೆ, ಸರಿಪಡಿಸುವ ಮೆನುವನ್ನು ಹುಡುಕಲೂ ಅವರಿಗೆ ದಾರಿಯಿಲ್ಲ. ಡ್ರೈವರ್ ಬರೆಯುವವರೂ ಪರೀಕ್ಷಿಸುವವರೂ ಕೇಬಲ್ ಜೋಡಿಸಿ ಧ್ವನಿ ಬಂತೆಂದು ತೃಪ್ತರಾಗದಿರಲಿ. ಕಳಚಿಯೂ ನೋಡಲಿ, ಕಣ್ಣು ಮುಚ್ಚಿಯೂ ಕೇಳಲಿ.