ಜಿಡ್ಡುಗೂದಲು ಮತ್ತು ತಲೆಸ್ನಾನ

ನೆತ್ತಿಯ ತೈಲಗ್ರಂಥಿಗಳು ಹೆಚ್ಚು ಜಿಡ್ಡು ಒಸರಿದಾಗ ಕೂದಲು ಬುಡದಲ್ಲೇ ಅಂಟಿಕೊಳ್ಳುತ್ತದೆ. ಪಾಂಡವಪುರ, ನಾಗಮಂಗಲದ ಸೀಮೆಯಲ್ಲಿ ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುವುದು ಹಳೆಯ ವಾಡಿಕೆ. ಆದರೆ ಈ ಲೆಕ್ಕ ಎಲ್ಲ ನೆತ್ತಿಗೂ ಹೊಂದದು. ಪದೇಪದೇ ತೊಳೆದರೆ ಜಿಡ್ಡು ಇನ್ನಷ್ಟು ಬರುತ್ತದೆಂಬ ಆಕ್ಷೇಪವಿದೆ. ಜಿಡ್ಡಿನ ಪ್ರಮಾಣವನ್ನು ಮುಖ್ಯವಾಗಿ ನಿರ್ಧರಿಸುವುದು ಆಂಡ್ರೊಜೆನ್ ಹಾರ್ಮೋನುಗಳೇ ಹೊರತು ಸ್ನಾನವಲ್ಲ. ಹಾಗಾಗಿ ಹದಿಹರೆಯದವರು, ಕಬ್ಬಿನ ಗದ್ದೆಯಲ್ಲಿ ಬೆವರುವವರು ದಿನ ಬಿಟ್ಟು ದಿನ, ಬೇಕಿದ್ದರೆ ದಿನವೂ, ಸೌಮ್ಯ ಶಾಂಪೂ ಬಳಸಬಹುದು. ಕೂದಲು ಒಣಗೀತೆಂಬ ಅಳುಕಿನಲ್ಲಿ ಹುರುಳಿದೆ, ಆದರೆ ಒಣಗುವುದು ತುದಿ. ನೊರೆಯನ್ನು ನೆತ್ತಿಗಷ್ಟೇ ಉಜ್ಜಿದರಾಯಿತು.

ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಬೆರೆತರೆ ಕ್ಯಾಲ್ಸಿಯಂ ಸೇರಿದ ಬಿಳಿ ಗಸಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಅದನ್ನೇ ಜಿಡ್ಡೆಂದುಕೊಳ್ಳುವವರೂ ಉಂಟು. ಸೀಗೆಯಲ್ಲಿ ನೊರೆ ಬರಿಸುವ ಸಪೋನಿನ್ ಹಾಗೆ ಗಸಿಗಟ್ಟದು. ಹೊಟ್ಟು, ತುರಿಕೆ ಇದ್ದಲ್ಲಿ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ, ವಾರಕ್ಕೆ 2 ಬಾರಿ ಶಿಲೀಂಧ್ರನಾಶಕ ಕೀಟೊಕೊನಜೋಲ್ ಇರುವ ಶಾಂಪೂ ಬಳಸುವುದು ಮೇಲು.